ಕಣ್ಣು ಮೂಡುವ ದಿನ

ದವಡೆಮೀನಿನ ಬಾಯಿ ತುಂಬ ಮೊಟ್ಟೆಗಳಿದ್ದವು. ಕ್ರಿಸಾಂತಳಿಗೆ ಖಾತ್ರಿಯಾಗಿ ಕಾಣುತ್ತಿದ್ದದ್ದು ಅಷ್ಟೇ. ಮರಳಿನ ಬಿಲದಿಂದ ತಲೆಯಷ್ಟನ್ನೇ ಹೊರಹಾಕಿದ್ದ ಆ ಗಂಡುಮೀನು, ತುಂಬಿದ ಬಾಯನ್ನು ಮುಚ್ಚಲಾರದೆ, ಊಟದ ನಡುವೆ ಯಾರೋ ಹೆಸರು ಹಿಡಿದು ಕರೆದವರಂತೆ ನಿಂತಿತ್ತು. ಬಾಯೊಳಗಿನ ನೆರಳಿನಲ್ಲಿ ಬಣ್ಣ ತಿಳಿಯದ ಒಂದು ಮುದ್ದೆ. ಅವಳು ಒಂದು ಗೇಣಿನಷ್ಟು ಹತ್ತಿರ ಹೋದಳು, ಮುದ್ದೆ ಮಸುಕಾಯಿತು. ಹಿಂದಕ್ಕೆ ಸರಿದಳು, ಮಸುಕು ಹೋಯಿತು, ಆದರೆ ಮುದ್ದೆ ಹೆಸರುಕಾಳಿನಷ್ಟಾಯಿತು. ಆ ಮೊಟ್ಟೆಗಳಲ್ಲಿ ಕಣ್ಣು ಮೂಡಿದೆಯೋ ಇಲ್ಲವೋ ಎನ್ನುವುದನ್ನು ಎಲ್ಲಿ ನಿಂತು ನೋಡಿದರೂ ಹೇಳಲಾಗುತ್ತಿರಲಿಲ್ಲ.

ಅವಳ ಹಿಂದೆ ಟೀಚರ್ ಪುರಿಟಾ ಕ್ಯಾಮೆರಾ ಹಿಡಿದು, ಹವಳದ ಚೂರುಗಳಿಗೆ ಮೊಣಕಾಲು ತಾಗದಂತೆ ತೇಲುತ್ತ ಕಾಯುತ್ತಿದ್ದರು. ಇಲೋಯ್ಲೊದ ಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಜೀವಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. ವಯಸ್ಸು ಅರವತ್ತೆಂಟು. ಹನ್ನೊಂದು ವರ್ಷಗಳಿಂದ ಪ್ರತಿ ಏಪ್ರಿಲ್‌ನಲ್ಲೂ ಆನಿಲಾವ್‌ನ ಈ ದಂಡೆಗೆ ಬಂದು ಹತ್ತು ದಿನ ಇರುತ್ತಿದ್ದರು. ಕ್ರಿಸಾಂತಳನ್ನು ಬಿಟ್ಟು ಬೇರೆ ಗೈಡ್ ಜೊತೆ ನೀರಿಗೆ ಇಳಿದವರೇ ಅಲ್ಲ. ಮರಿಗಳನ್ನು ಹೊರುವ ಗಂಡುಮೀನುಗಳ ಬಗ್ಗೆ ಮಕ್ಕಳಿಗೊಂದು ಚಿತ್ರಪುಸ್ತಕ ಮಾಡಬೇಕೆಂಬುದು ಅವರ ಆಸೆ. ಹೊಟ್ಟೆಚೀಲ ತುಂಬಿಕೊಂಡ ಕಡಲ್ಗುದುರೆ ಸಿಕ್ಕಿತ್ತು, ಮೊಟ್ಟೆಗಳನ್ನು ಎದೆಗೆ ಅಂಟಿಸಿಕೊಂಡ ಕೊಳವೆಮೀನು ಸಿಕ್ಕಿತ್ತು. ಉಳಿದದ್ದು ಈ ದವಡೆಮೀನು. ಗಂಡು ಒಂದು ವಾರ ಏನೂ ತಿನ್ನದೆ ಮೊಟ್ಟೆಗಳನ್ನು ಬಾಯಲ್ಲೇ ಇಟ್ಟುಕೊಂಡಿರುತ್ತದೆ. ಕೊನೆಯ ದಿನ ಕಿತ್ತಳೆ ಬಣ್ಣ ಹೋಗಿ ಪ್ರತಿ ಮೊಟ್ಟೆಯಲ್ಲೂ ಬೆಳ್ಳಿಯಂಥ ಎರಡು ಕಣ್ಣು ಮೂಡುತ್ತವೆ. ಅಂದೇ ಸಂಜೆ ಕತ್ತಲಾಗುತ್ತಲೇ ಮೀನು ಬಾಯಿ ತೆರೆದು ಮರಿಗಳನ್ನು ಕಡಲಿಗೆ ಉಗಿದುಬಿಡುತ್ತದೆ. ಟೀಚರ್ ಇಲ್ಲಿರುವ ಹತ್ತು ದಿನಗಳೊಳಗೆ ಆ ಒಂದು ದಿನ ಮೂರು ವರ್ಷದಿಂದ ಬಿದ್ದೇ ಇರಲಿಲ್ಲ. ದಿನವನ್ನು ಹೇಳಬೇಕಾದದ್ದು ಗೈಡ್.

ಕ್ರಿಸಾಂತ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೊಟ್ಟೆ ಕಂಡದ್ದು ಶನಿವಾರ. ಇವತ್ತು ಗುರುವಾರ, ನಾಳೆಗೆ ಏಳು ದಿನ. ಅವಳು ಅಂಗೈಯನ್ನು ಕೆಳಮುಖ ಮಾಡಿ ನಿಧಾನವಾಗಿ ಎರಡು ಸಲ ತಗ್ಗಿಸಿದಳು: ಇನ್ನೂ ಇಲ್ಲ. ಆಮೇಲೆ ತೋರುಬೆರಳನ್ನು ಮುಂದಕ್ಕೆ ಉರುಳಿಸಿದಳು: ನಾಳೆ.

ಟೀಚರ್ ಆದರೂ ಹತ್ತಿರ ಬಂದು ಮೂರು ಚಿತ್ರ ತೆಗೆದರು. ಒಂದು ಪ್ರಾಣಿಯ ಮೇಲೆ ಒಂದು ದಿನಕ್ಕೆ ಐದಕ್ಕಿಂತ ಹೆಚ್ಚು ಫ್ಲಾಶ್ ಹೊಡೆಯಬಾರದು ಎನ್ನುವುದು ಈ ದಂಡೆಯ ಗೈಡುಗಳ ಕಟ್ಟುಪಾಡು. ಕ್ರಿಸಾಂತ ಬೆರಳಗೆಣ್ಣಿನ ಮೇಲೆ ಎಣಿಸುತ್ತಿದ್ದಳು. ಮೂರನೆಯದಾದ ಮೇಲೆ ಟೀಚರ್ ಕ್ಯಾಮೆರಾದ ಹಿಂಬದಿಯನ್ನು ಬಹಳ ಹೊತ್ತು ನೋಡಿದರು. ಕ್ರಿಸಾಂತಳತ್ತ ತಿರುಗಿದರು. ಆಮೇಲೆ, ಎಂದಿನಂತೆ, ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರು. ಆ ನೋಟ ಒಂದು ಕ್ಷಣ ಹೆಚ್ಚೇ ನಿಂತಿತ್ತು ಎಂದು ಕ್ರಿಸಾಂತಳಿಗೆ ಅನಿಸಿತು. ಅವಳಿಗೆ ಈಚೆಗೆ ಎಲ್ಲರ ನೋಟವೂ ಒಂದು ಕ್ಷಣ ಹೆಚ್ಚು ನಿಂತಂತೆ ಅನಿಸುತ್ತಿತ್ತು.

ದೋಣಿಯ ಮೇಲೆ ರುವೆಲ್ ಆಗಲೇ ಬಾಳೆಹಣ್ಣು ಸುಲಿದು ತಿನ್ನುತ್ತ ಕೂತಿದ್ದ. ಅವನೂ ಗೈಡ್, ಕ್ರಿಸಾಂತಳಿಗಿಂತ ಹತ್ತು ವರ್ಷ ಚಿಕ್ಕವನು, ಅವಳ ಹತ್ತಿರವೇ ಕೆಲಸ ಕಲಿತವನು. ಅವಳನ್ನು ಆತೆ, ಅಂದರೆ ಅಕ್ಕ, ಎಂದೇ ಕರೆಯುತ್ತಿದ್ದ.

"ಏನಾತೆ, ಅಪ್ಪನಿಗೆ ಹೆರಿಗೆ ಆಯ್ತಾ?"

"ನಾಳೆ."

"ಹಂಗಾದ್ರೆ ನಾಳೇನೇ. ಚರ್ಚಿನ ಕ್ಯಾಲೆಂಡರ್ ತಪ್ಪಬಹುದು, ನಮ್ಮ ಆತೆ ತಪ್ಪಲ್ಲ." ಅವನು ಸಿಪ್ಪೆಯನ್ನು ಬುಟ್ಟಿಗೆ ಎಸೆದ. "ಇವತ್ತು ನನ್ನ ಗಿರಾಕಿ ನೋಡ್ಬೇಕಿತ್ತು. ಮಾಸ್ಕಿನ ಒಳಗೆ ಚಾಳೀಸು ಅಂಟಿಸ್ಕೊಂಡಿದ್ದಾರೆ. ಸೀಗಡಿ ತೋರಿಸಿದ್ರೆ ಪೇಪರ್ ಓದೋ ತಾತನ ಹಾಗೆ ಗದ್ದ ಎತ್ತಿ ನೋಡ್ತಾರೆ."

"ನಾನೂ ಅಂಟಿಸ್ಕೊಂಡಿದೀನಪ್ಪ" ಎಂದರು ಟೀಚರ್, ಕಾಲಿನ ರೆಕ್ಕೆ ಕಳಚುತ್ತ.

"ನೀವು ಹಾಕ್ಕೋಬಹುದು ಟೀಚರ್, ನೀವು ಗಿರಾಕಿ. ಗೈಡ್ ಹಾಕ್ಕೊಂಡು ಬಂದ ಅಂದ್ರೆ ಆವತ್ತೇ ಅವನಿಗೆ ಪೆನ್ಶನ್. ಅಲ್ವಾ ಕುಯಾ ದೆಲ್ಫಿನ್?"

ದೋಣಿ ನಡೆಸುವ ದೆಲ್ಫಿನ್ ಕ್ರಿಸಾಂತಳ ಗಂಡ, ರುವೆಲ್‌ಗೆ ಕುಯಾ, ಅಂದರೆ ಅಣ್ಣ. ಅವನು ಎಂಜಿನ್ನಿನ ಹಗ್ಗ ಸುತ್ತುತ್ತ, "ಬಾಯಿಗೆ ಮೊದಲು ಪೆನ್ಶನ್ ಕೊಡಿಸೋಣ ನಿನಗೆ" ಎಂದ. ಎಲ್ಲರೂ ನಕ್ಕರು. ಕ್ರಿಸಾಂತಳೂ ನಕ್ಕಳು, ನಗು ತಡವಾಗಿ ಬಂತೇ ಎಂದು ಆಮೇಲೆ ಚಿಂತಿಸಿದಳು.

ಅವಳಿಗೆ ನಲವತ್ತೇಳು. ಅದರಲ್ಲಿ ಇಪ್ಪತ್ತೆರಡು ವರ್ಷ ನೀರೊಳಗಿನ ಕೆಲಸ. ಭತ್ತದ ಕಾಳಿನಷ್ಟಿರುವ ಕಡಲ್ಗುದುರೆಯನ್ನು ಅದೇ ಬಣ್ಣದ ಬೀಸಣಿಗೆ ಹವಳದಲ್ಲಿ ಮೂರು ಉಸಿರಿನೊಳಗೆ ಹುಡುಕಿಕೊಡುವವಳೆಂದು ಮನಿಲಾದಿಂದ ಬರುವವರೂ ಅವಳನ್ನೇ ಕೇಳಿ ಗೊತ್ತುಮಾಡಿಕೊಳ್ಳುತ್ತಿದ್ದರು. ನೆಲದ ಮೇಲೆ ಚಾಳೀಸು ಬಂದು ಐದು ವರ್ಷವಾಗಿತ್ತು. ಮಾತ್ರೆಯ ಚೀಟಿಯ ಮೇಲಿನ ಅಕ್ಷರ ಮೊದಲು ಹೋಯಿತು, ಆಮೇಲೆ ಸೂಜಿಯ ಕಣ್ಣು. ಅವಳು ಅಂಜಲಿಲ್ಲ. ನೀರಿನಲ್ಲಿ ಎಲ್ಲವೂ ಕಾಲುಭಾಗ ದೊಡ್ಡದಾಗಿ ಕಾಣುತ್ತದೆ. ಅವಳ ವಯಸ್ಸನ್ನು ಕಡಲು ತನ್ನೊಳಗೆ ಮುಚ್ಚಿಟ್ಟುಕೊಂಡಿತ್ತು. ಕಳೆದ ಮಳೆಗಾಲ ಮುಗಿದು ಮತ್ತೆ ನೀರಿಗೆ ಇಳಿದ ದಿನ ಕಡಲೂ ಕೈಬಿಟ್ಟಿತು.

ಅಂದಿನಿಂದ ಅವಳು ನೆನಪಿನಿಂದ ಕೆಲಸ ಮಾಡುತ್ತಿದ್ದಳು. ಯಾವ ಹವಳದ ಯಾವ ಕವಲಿನಲ್ಲಿ ಯಾರ ಮನೆಯಿದೆ ಎನ್ನುವುದು ಅವಳಿಗೆ ಗೊತ್ತಿತ್ತು. ಕಡ್ಡಿ ಚಾಚಿ ತೋರಿಸುತ್ತಿದ್ದಳು. ಗಿರಾಕಿಗಳು ತಮ್ಮ ಕಣ್ಣಿನಿಂದ ಉಳಿದದ್ದನ್ನು ಹುಡುಕಿಕೊಳ್ಳುತ್ತಿದ್ದರು. ಸಿಲಿಂಡರಿನಲ್ಲಿ ಗಾಳಿ ಎಷ್ಟು ಉಳಿದಿದೆ ಎಂದು ಅವಳು ಕೇಳಿದರೆ ಅವರೇ ಬೆರಳಿನಲ್ಲಿ ಉತ್ತರ ಹೇಳುತ್ತಿದ್ದರು, ಅವರ ಮೀಟರನ್ನು ಅವಳು ಓದಬೇಕಾಗಿರಲಿಲ್ಲ. ತನ್ನದು ಮಾತ್ರ ಕಷ್ಟ. ಮುಳ್ಳಿನ ಮೀಟರ್ ಇದ್ದಾಗ ಮುಳ್ಳು ಯಾವ ಕಡೆ ವಾಲಿದೆ ಎಂದು ನೋಡಿದರೆ ಸಾಕಿತ್ತು. ರೆಸಾರ್ಟಿನ ಒಡತಿ ಆಲಿಂಗ್ ಇಸ್ಕಾ ಹೋದ ವರ್ಷ ಎಲ್ಲರಿಗೂ ಅಂಕಿಯ ಮೀಟರ್ ಕೊಡಿಸಿದ್ದಳು. ತುಂಬಿದ ಸಿಲಿಂಡರಿಗೆ ಅದು ಇನ್ನೂರು ತೋರಿಸುತ್ತದೆ, ಐವತ್ತಕ್ಕೆ ಇಳಿಯುವ ಮೊದಲೇ ಮೇಲೆ ಬರಬೇಕು. ಆ ಅಂಕಿಗಳು ಕ್ರಿಸಾಂತಳಿಗೆ ಇರುವೆಗಳಂತೆ ಕಾಣುತ್ತಿದ್ದವು. ಅವಳು ಉಸಿರು ಎಣಿಸಿ, ಹೊತ್ತು ಅಂದಾಜಿಸಿ ಮೇಲೆ ಬರುತ್ತಿದ್ದಳು. ಅಕ್ಕಿ ಆರಿಸುವಾಗ, ಬಟ್ಟೆ ಹಿಂಡುವಾಗ, ಯಾರೂ ಇಲ್ಲದಾಗ ಒಂದೇ ಯೋಚನೆ ಸುಳಿಯುತ್ತಿತ್ತು: ಒಂದು ದಿನ ಅಂದಾಜು ತಪ್ಪಿದರೆ, ಪಕ್ಕದಲ್ಲಿ ಯಾರಿರುತ್ತಾರೆ? ಹೇಳಿಬಿಡಬೇಕು ಎಂದುಕೊಳ್ಳುತ್ತಿದ್ದಳು. ಹೇಳಿದರೆ ನಾಳೆಯಿಂದ ಅಡುಗೆಮನೆಯಲ್ಲಿ ತಟ್ಟೆ ತೊಳೆಯಬೇಕಾಗಬಹುದು, ಅದನ್ನು ಸಹಿಸಬಹುದಿತ್ತು. ನೀರು ಬಿಟ್ಟು ಇರುವುದನ್ನು ಹೇಗೆ ಸಹಿಸುವುದೋ ಅವಳಿಗೆ ಗೊತ್ತಿರಲಿಲ್ಲ.

ಹರಿದ ಈಜುಡುಪು ಹೊಲಿಯಲು ಕೂತಾಗ ಮಾತ್ರ ಸಮಾಧಾನ. ಹೊಲಿಗೆ ಡಬ್ಬಿಯ ಸೂಜಿಗಳಿಗೆಲ್ಲ ಮೊದಲೇ ದಾರ ಪೋಣಿಸಿರುತ್ತಿತ್ತು. ಬತಂಗಾಸ್ ಪಟ್ಟಣದಲ್ಲಿ ನರ್ಸಿಂಗ್ ಓದುವ ಮಗಳು ರಜೆಗೆ ಬಂದಾಗ ಪೋಣಿಸಿಟ್ಟು ಹೋಗುತ್ತಾಳೆ, ಪುಣ್ಯಾತಗಿತ್ತಿ, ಎಂದುಕೊಂಡಿದ್ದಳು.

ಶುಕ್ರವಾರ ಬೆಳಿಗ್ಗೆ ಅದೇ ಇಳಿಜಾರು, ಅದೇ ಬಿಲ. ಮೀನು ಹೊರಗೆ ಬಂದಿತ್ತು. ಬಾಯಿ ಮುಚ್ಚಿತ್ತು. ಕೆನ್ನೆ ಒಳಗೆ ಹೋಗಿ ಮೂತಿ ಸಣ್ಣದಾಗಿತ್ತು; ಒಂದು ವಾರದ ಉಪವಾಸ ಮುಗಿಸಿ ನೀರಿನಲ್ಲಿ ಹರಿದುಬರುವ ಕಣಗಳನ್ನು ಆತುರಾತುರವಾಗಿ ನುಂಗುತ್ತಿತ್ತು. ಇದನ್ನು ಕಾಣಲು ಕ್ರಿಸಾಂತಳಿಗೆ ಚಾಳೀಸು ಬೇಕಿರಲಿಲ್ಲ.

ಮರಿಗಳು ಹೋಗಿದ್ದವು. ನಿನ್ನೆ ಸಂಜೆಯೇ ಹೋಗಿದ್ದವು. ಹಾಗಿದ್ದರೆ ನಿನ್ನೆ ಬೆಳಿಗ್ಗೆ ಅವಳು ನೋಡುತ್ತಿದ್ದಾಗ ಆ ಮುದ್ದೆಯ ತುಂಬ ಕಣ್ಣುಗಳಿದ್ದವು. ಅವಳು ಮೊಟ್ಟೆ ಕಂಡ ದಿನದಿಂದ ಲೆಕ್ಕ ಹಾಕಿದ್ದಳು, ಮೀನು ಮೊಟ್ಟೆ ಹೊತ್ತ ದಿನದಿಂದಲ್ಲ. ಕೆಲಸಕ್ಕೆ ಸೇರಿದ ಮೊದಲ ವರ್ಷದವರು ಮಾಡುವ ತಪ್ಪು ಅದು.

ಟೀಚರ್ ಕ್ಯಾಮೆರಾ ಕೆಳಗಿಳಿಸಿ ಸುಮ್ಮನೆ ತೇಲುತ್ತಿದ್ದರು. ಅವರು ಭಾನುವಾರ ಊರಿಗೆ ಹೊರಡುವವರು. ಕ್ರಿಸಾಂತ ಅವರತ್ತ ನೋಡಲಿಲ್ಲ. ಇಳಿಜಾರಿನುದ್ದಕ್ಕೂ ಇನ್ನಷ್ಟು ಬಿಲಗಳಿದ್ದವು, ಇನ್ನೊಂದು ಗಂಡು ಇರಬಹುದು, ಇನ್ನೊಂದು ತುಂಬಿದ ಬಾಯಿ. ಅವಳು ಒಂದು ಬಿಲದಿಂದ ಇನ್ನೊಂದಕ್ಕೆ, ಅಲ್ಲಿಂದ ಕೆಳಗೆ, ಮತ್ತೂ ಕೆಳಗೆ ಹೋದಳು. ಎಲ್ಲ ಬಾಯಿಗಳೂ ಖಾಲಿ. ಉಸಿರು ಎಣಿಸುವುದು ಮರೆತುಹೋಗಿತ್ತು.

ತೋಳಿನ ಮೇಲೆ ಕೈ ಬಿತ್ತು. ಟೀಚರ್ ಎರಡು ಬೆರಳನ್ನು ಅಂಗೈಗೆ ತಟ್ಟಿದರು: ಗಾಳಿ ಎಷ್ಟಿದೆ? ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆ ಕೇಳುತ್ತಿದ್ದವಳು ಕ್ರಿಸಾಂತ. ಅವಳು ಮೀಟರ್ ಎತ್ತಿ, ತೋಳು ಚಾಚುವಷ್ಟೂ ಚಾಚಿ, ನೋಡಿ, ಬೆರಳು ತೋರಿಸಿದಳು. ಎಂಬತ್ತು.

ಟೀಚರ್ ಅವಳ ಕೈಯಿಂದ ಮೀಟರನ್ನು ಮೆಲ್ಲಗೆ ತೆಗೆದುಕೊಂಡರು. ಗದ್ದ ಎತ್ತಿ, ಮಾಸ್ಕಿನ ಕೆಳಭಾಗದಲ್ಲಿ ಅಂಟಿಸಿದ್ದ ಅರ್ಧಚಂದ್ರದ ಗಾಜಿನಿಂದ ಓದಿದರು. ಅವರ ಮುಖ ಬದಲಾಗಲಿಲ್ಲ. ಮೂರು ಬೆರಳು ತೋರಿಸಿದರು, ಮೂವತ್ತು. ಆಮೇಲೆ ಹೆಬ್ಬೆರಳನ್ನು ಮೇಲಕ್ಕೆ ಎತ್ತಿದರು: ಮೇಲೆ ಹೋಗೋಣ.

ತೋಳಿಗೆ ತೋಳು ಕೊಟ್ಟು ಇಬ್ಬರೂ ನಿಧಾನವಾಗಿ ಏರಿದರು. ಐದು ಮೀಟರಿನ ಆಳದಲ್ಲಿ, ಮೈ ಒತ್ತಡಕ್ಕೆ ಹೊಂದಿಕೊಳ್ಳಲು, ಮೂರು ನಿಮಿಷ ನಿಲ್ಲಬೇಕು. ಅಲ್ಲಿ ಟೀಚರ್ ತಮ್ಮ ಸಿಲಿಂಡರಿನ ಎರಡನೇ ಕೊಳವೆಯನ್ನು, ಅವಳು ಕೇಳುವ ಮೊದಲೇ, ಬಾಯಿಯ ಹತ್ತಿರ ಹಿಡಿದರು. ಕ್ರಿಸಾಂತ ತನ್ನದನ್ನು ತೆಗೆದು ಅವರದನ್ನು ಕಚ್ಚಿಕೊಂಡಳು. ತಲೆಯ ಮೇಲೆ ದೋಣಿಯ ನೆರಳಿತ್ತು, ಎರಡೂ ಬದಿಗೆ ಅದರ ಬಿದಿರಿನ ತೋಳುಗಳು. ಮೂರು ನಿಮಿಷವೂ ಅವಳು ಕಣ್ಣು ಮುಚ್ಚಿಕೊಂಡೇ ಇದ್ದಳು.

"ಏನು ಇಷ್ಟು ಬೇಗ?" ಎಂದ ದೆಲ್ಫಿನ್, ಏಣಿ ಇಳಿಬಿಡುತ್ತ.

"ನನಗೆ ಹೊಟ್ಟೆ ಹಸಿದುಬಿಡ್ತು" ಎಂದರು ಟೀಚರ್.

ದೆಲ್ಫಿನ್ ಹೆಂಡತಿಯ ಸಿಲಿಂಡರ್ ಬಿಚ್ಚಿ ಪಕ್ಕಕ್ಕಿಟ್ಟ. ಕೊಳವೆ ಕಳಚುವ ಮೊದಲು ಉಳಿದ ಗಾಳಿ ಬಿಡುವುದು ರೂಢಿ. ಒಂದು ಸಣ್ಣ ಸುಯ್ ಎಂಬ ಸದ್ದು ಬಂದು ಬೇಗ ನಿಂತುಹೋಯಿತು. ಅವನು ಆ ಸದ್ದನ್ನು ಕೇಳಿದ. ಹೆಂಡತಿಯನ್ನು ನೋಡಿದ. ಎಂಜಿನ್ ಚಾಲೂ ಮಾಡಿದ.

ಮಧ್ಯಾಹ್ನ ಕ್ಯಾಮೆರಾ ತೊಳೆಯುವ ತೊಟ್ಟಿಯ ಹತ್ತಿರ ಕ್ರಿಸಾಂತ ಬಹಳ ಹೊತ್ತು ಕೂತಿದ್ದಳು. ಉಪ್ಪು ಹೋಗುವಂತೆ ಗಿರಾಕಿಗಳ ಕ್ಯಾಮೆರಾಗಳನ್ನು ಸಿಹಿನೀರಿನಲ್ಲಿ ಅದ್ದಿ, ಗುಂಡಿಗಳನ್ನೆಲ್ಲ ಒತ್ತಿ ಒತ್ತಿ ತೊಳೆಯುವುದು ಗೈಡುಗಳ ಕೆಲಸ. ಟೀಚರ್‌ದನ್ನು ಒರೆಸಿ, ಅದನ್ನು ಕೊಡುವ ನೆಪದಲ್ಲಿ ಕ್ಷಮೆ ಕೇಳಬೇಕೆಂದು ಕ್ಯಾಮೆರಾ ಕೋಣೆಗೆ ಹೋದಳು.

ಟೀಚರ್ ಕಂಪ್ಯೂಟರಿನ ಮುಂದೆ ಕೂತಿದ್ದರು. ಪರದೆಯ ತುಂಬ ಒಂದು ಚಿತ್ರ. ಹತ್ತಿರದಿಂದ ಅದು ಬೂದು ಮತ್ತು ಬೆಳ್ಳಿ ಬಣ್ಣದ ಗೋಜಲಾಗಿತ್ತು. ಕ್ರಿಸಾಂತ ಎರಡು ಹೆಜ್ಜೆ ಹಿಂದೆ ಸರಿದಳು. ಆಗ ಕಂಡವು.

ತೆರೆದ ಬಾಯಿ, ಆ ಬಾಯೊಳಗೆ ನೂರಾರು ಮೊಟ್ಟೆಗಳು. ಗಾಜಿನ ಹನಿಗಳಂಥ ಒಂದೊಂದರಲ್ಲೂ ಎರಡೆರಡು ಬೆಳ್ಳಿ ಕಣ್ಣು. ಎಲ್ಲವೂ ಅಪ್ಪನ ತುಟಿಯಂಚಿನಿಂದ ಹೊರಗೆ ನೋಡುತ್ತಿದ್ದವು, ಜಾತ್ರೆ ನೋಡಲು ಕಿಟಕಿಗೆ ಮುತ್ತಿದ ಮಕ್ಕಳ ಹಾಗೆ. ಮೂಲೆಯಲ್ಲಿ ದಿನಾಂಕ ದೊಡ್ಡ ಅಕ್ಷರದಲ್ಲಿತ್ತು. ಗುರುವಾರದ್ದು.

"ನಿನ್ನೆದು" ಎಂದಳು ಕ್ರಿಸಾಂತ.

"ಹೌದು, ನಿನ್ನೆದು." ಟೀಚರ್ ತಿರುಗಲಿಲ್ಲ. "ಮೂರರಲ್ಲಿ ಎರಡು ಅಲುಗಾಡಿವೆ. ಇದೊಂದು ಚೆನ್ನಾಗಿದೆ."

"ನಿನ್ನೆಯೇ ಗೊತ್ತಿತ್ತಾ ನಿಮಗೆ?"

"ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿದೆನಲ್ಲ."

"ಮತ್ತೆ ಇವತ್ತು ಯಾಕೆ ಬಂದ್ರಿ ಟೀಚರ್? ಖಾಲಿ ಬಿಲ ನೋಡೋಕಾ?"

ಟೀಚರ್ ಕುರ್ಚಿ ತಿರುಗಿಸಿದರು. ಕನ್ನಡಕ ತೆಗೆದು ಅಂಗಿಯ ಅಂಚಿನಿಂದ ಒರೆಸಿದರು. "ನೀನು ನಾಳೆ ಅಂದೆ. ಹನ್ನೊಂದು ವರ್ಷದಲ್ಲಿ ನೀನು ಹೇಳಿದ್ದು ಒಂದೂ ತಪ್ಪಿರಲಿಲ್ಲ. ನಾನೇ ತಪ್ಪು ನೋಡಿದ್ನೇನೋ ಅಂದ್ಕೊಂಡೆ." ಕನ್ನಡಕ ಮತ್ತೆ ಏರಿಸಿಕೊಂಡು, "ಇಲ್ಲ, ಸುಳ್ಳು. ನಿನಗೆ ಕಾಣ್ತಿಲ್ಲ ಅಂತ ಗೊತ್ತಿತ್ತು. ನಿನ್ನ ಮುಖ ನೋಡಿಕೊಂಡು ಹೇಳೋಕೆ ಆಗಲಿಲ್ಲ. ಹೇಳಿದ್ದಿದ್ರೆ ಇವತ್ತು ನೀನು ಅಷ್ಟು ಆಳಕ್ಕೆ ಹೋಗಿ ಹುಡುಕ್ತಿರಲಿಲ್ಲ. ಆ ತಪ್ಪು ನಂದು."

ಕ್ರಿಸಾಂತ ಕ್ಯಾಮೆರಾವನ್ನು ಮೇಜಿನ ಮೇಲಿಟ್ಟಳು. "ಮೂವತ್ತನ್ನ ಎಂಬತ್ತು ಅಂದೆ."

"ಅಂದೆ."

"ನಿಮ್ಮ ಬದಲು ಬೇರೆ ಯಾರಾದ್ರೂ ಇದ್ದಿದ್ರೆ..."

"ಇರಲಿಲ್ಲವಲ್ಲ. ಕೂತ್ಕೋ." ಟೀಚರ್ ಕಾಲಿನಿಂದ ಒಂದು ಸ್ಟೂಲನ್ನು ಅವಳತ್ತ ತಳ್ಳಿದರು. "ನನ್ನ ಕ್ಲಾಸಲ್ಲಿ ಪ್ರತಿ ವರ್ಷ ಒಬ್ಬಿಬ್ಬರು ಇರೋರು, ಬೋರ್ಡ್ ಕಾಣದೋರು. ಕಾಣಿಸಲ್ಲ ಅಂತ ಬಾಯಿಬಿಟ್ಟು ಹೇಳಲ್ಲ. ಪಕ್ಕದವನ ಪುಸ್ತಕ ನೋಡಿ ಬರೀತಾರೆ. ಅಕ್ಷರ ಗುಂಡಾಗಿರುತ್ತೆ, ತಪ್ಪೇ ಇರಲ್ಲ. ಪಕ್ಕದವನು ರಜೆ ಹಾಕಿದ ದಿನ ಗೊತ್ತಾಗುತ್ತೆ. ನೀನು ನಿನ್ನ ನೆನಪನ್ನ ನೋಡಿ ಬರೀತಿದ್ದೆ, ಅಷ್ಟೇ."

"ಎಷ್ಟು ದಿನದಿಂದ ಗೊತ್ತು?"

"ಈ ಸಲ ಬಂದ ಮೊದಲನೇ ದಿನದಿಂದ. ಬೀಸಣಿಗೆ ಹವಳದಲ್ಲಿ ನೀನು ತೋರಿಸಿದ ಜಾಗದಲ್ಲಿ ಕುದುರೆ ಇರಲಿಲ್ಲ. ನಾನೇ ಹುಡುಕಿದೆ, ನಾಲ್ಕು ಬೆರಳು ಮೇಲಿತ್ತು." ಟೀಚರ್ ನಕ್ಕರು. "ನನಗೆ ಎಷ್ಟು ಖುಷಿಯಾಯ್ತು ಗೊತ್ತಾ? ಮೊದಲನೇ ಸಲ ನಾನೇ ಹುಡುಕಿದ್ದು."

ಕ್ರಿಸಾಂತಳಿಗೆ ನಗು ಬರಲಿಲ್ಲ. ಕಣ್ಣು ತುಂಬಿ ಪರದೆಯ ಮೇಲಿನ ಆ ನೂರಾರು ಕಣ್ಣುಗಳೆಲ್ಲ ಮತ್ತೆ ಗೋಜಲಾದವು. ಟೀಚರ್ ಅವಳ ಬೆನ್ನ ಮೇಲೆ ಕೈಯಿಟ್ಟರು. ಉಪ್ಪುನೀರಿಗೆ ಒರಟಾದ ಬೆನ್ನು. ಅದರ ಮೇಲೆ ಸೀಮೆಸುಣ್ಣ ಹಿಡಿದು ಸವೆದ ಬೆರಳುಗಳು.

ಮನೆಯಲ್ಲಿ ದೆಲ್ಫಿನ್ ಆಗಲೇ ಅಡುಗೆ ಮಾಡಿಟ್ಟಿದ್ದ. ಒಣಗಿಸಿದ ಬಿಂಬುಳಿ ಹಾಕಿ ಮಣ್ಣಿನ ಮಡಕೆಯಲ್ಲಿ ಬೇಯಿಸಿದ ತುಲಿಂಗಾನ್ ಮೀನು, ಅನ್ನ. ಬೆಳಕು ಇನ್ನೂ ಇತ್ತು; ಬಾಗಿಲಿನಿಂದ ಕಡಲು ಕಾಣುತ್ತಿತ್ತು. ಅವಳು ಮೀನಿನ ಮುಳ್ಳನ್ನು ಬೆರಳಿನಿಂದ ತಡವಿ ತೆಗೆಯುತ್ತಿದ್ದಳು. ಅವನು ತನ್ನ ತಟ್ಟೆಯಿಂದ ಮುಳ್ಳು ಬಿಡಿಸಿದ ತುಂಡೊಂದನ್ನು ಅವಳ ತಟ್ಟೆಗೆ ಹಾಕಿದ. ಎಷ್ಟೋ ತಿಂಗಳಿಂದ ಅವನು ಹಾಗೆ ಹಾಕುತ್ತಿದ್ದಾನೆ ಎನ್ನುವುದು ಆಗ ಅವಳ ಗಮನಕ್ಕೆ ಬಂತು.

"ದೆಲ್ಫಿನ್, ನನಗೆ ಹತ್ತಿರದ್ದು ಕಾಣಲ್ಲ."

"ಹ್ಞೂಂ."

"ಏನು ಹ್ಞೂಂ? ನೀರಲ್ಲೂ ಕಾಣಲ್ಲ ಅಂದೆ. ಮೀಟರ್ ಓದೋಕೆ ಆಗಲ್ಲ. ಇವತ್ತು..."

"ಇವತ್ತು ಮೂವತ್ತಕ್ಕಿಂತ ಕಮ್ಮಿ ಇತ್ತು. ಕೇಳಿಸ್ತು." ಅವನು ಅನ್ನ ಕಲಸುತ್ತಲೇ ಇದ್ದ. "ಸೂಜಿಗೆ ದಾರ ಯಾರು ಪೋಣಿಸ್ತಾರೆ ಅಂದ್ಕೊಂಡಿದೀಯ?"

"ಮಗಳು."

"ಅವಳು ಕ್ರಿಸ್‌ಮಸ್ಸಿಗೆ ಬಂದು ಹೋದವಳು. ಏಪ್ರಿಲ್‌ವರೆಗೂ ಬರೋಷ್ಟು ದಾರ ಪೋಣಿಸಿ ಹೋಗಿರ್ತಾಳಾ? ಒಂದು ಸೂಜಿಗೆ ಕಾಲು ಗಂಟೆ ಹಿಡಿಯುತ್ತೆ ನನಗೆ."

ಅವಳು ಕೈ ತಟ್ಟೆಯಲ್ಲೇ ಬಿಟ್ಟು ಅವನನ್ನು ನೋಡಿದಳು. ಎಂಜಿನ್ ಎಣ್ಣೆಯ ಕಪ್ಪು ಹೋಗದ ಆ ದಪ್ಪ ಬೆರಳುಗಳಲ್ಲಿ ಸೂಜಿ ಹಿಡಿದು ಅವನು ಕೂತಿರುವುದನ್ನು ಊಹಿಸಿಕೊಳ್ಳಲು ನೋಡಿದಳು.

"ನಿನಗೆ ಯಾವಾಗಿಂದ ಗೊತ್ತು?"

"ಮಳೆ ಮುಗಿದು ಕೆಲಸ ಶುರುವಾದ ಮೇಲೆ. ಮೇಲೆ ಕೂತು ನಾನು ಮಾಡೋದಾದ್ರೂ ಏನು, ನಿನ್ನ ಗುಳ್ಳೆ ನೋಡೋದು. ಮುಂಚೆ ನಿನ್ನ ಗುಳ್ಳೆ ನೆಟ್ಟಗೆ ಒಂದು ಕಡೆ ಹೋಗಿ ನಿಲ್ಲೋದು. ಈಗ ಕೋಳಿ ಕಾಳು ಹುಡುಕಿದಂಗೆ, ಆ ಕಡೆ ಎರಡು ಹೆಜ್ಜೆ, ಈ ಕಡೆ ಎರಡು ಹೆಜ್ಜೆ. ಅಂಕಿಯ ಮೀಟರ್ ಬಂದ ಮೇಲೆ ನನಗೂ ದಿಗಿಲೇ. ಎಷ್ಟು ಹೊತ್ತಾಯ್ತು ಅಂತ ಗಡಿಯಾರ ಹಿಡ್ಕೊಂಡೇ ಕೂತಿರ್ತೀನಿ. ಐವತ್ತು ನಿಮಿಷ ಆದ್ರೆ ನಾನೇ ಹಾರಿಬಿಡೋದು ಅಂತ."

"ನಿನಗೆ ಮುಳುಗೋಕೇ ಬರಲ್ಲ."

"ಅದೇ ಅಲ್ವಾ ಕಷ್ಟ."

ಅವಳಿಗೆ ಈಗ ನಗು ಬಂತು, ಅಳುವೂ ಬಂತು. "ಯಾಕೆ ಹೇಳಲಿಲ್ಲ ನೀನು?"

"ನೀನು ಹೇಳ್ತೀಯ ಅಂತ ಕಾದೆ. ನಿನ್ನ ಕಣ್ಣು, ನಾನು ಹೇಳಿದ್ರೆ ಚೆನ್ನಾಗಿರುತ್ತಾ? ಎಷ್ಟೋ ಸಲ ಬಾಯಿಗೆ ಬಂದಿತ್ತು." ಅವನು ಎದ್ದು ಕೈ ತೊಳೆದು, ದೋಣಿಯ ಸಾಮಾನಿನ ಪೆಟ್ಟಿಗೆ ತಂದ. ಪಾನ, ಸ್ಪಾರ್ಕ್ ಪ್ಲಗ್ಗು, ತಂತಿಯ ಸುರುಳಿ ಎಲ್ಲ ತೆಗೆದು ಕೆಳಗಿಂದ ಪ್ಲಾಸ್ಟಿಕ್ ಪೊಟ್ಟಣವೊಂದನ್ನು ಎತ್ತಿದ. ಒಳಗೆ ಉಗುರಿನಂಥ ಎರಡು ಅರ್ಧಚಂದ್ರ. ನೀರು ಸವರಿ ಮಾಸ್ಕಿನ ಗಾಜಿಗೆ ಒತ್ತಿದರೆ ಅಂಟಿಕೊಳ್ಳುವಂಥವು. "ಪಟ್ಟಣಕ್ಕೆ ಹೋದಾಗ ತಂದೆ. ಜನವರಿಯಲ್ಲಿ."

"ಮೂರು ತಿಂಗಳು ಎಣ್ಣೆ ವಾಸನೆಯಲ್ಲಿ ಇಟ್ಟಿದ್ಯಾ ಇದನ್ನ."

"ನೀನು ನೋಡದ ಜಾಗ ಅದೊಂದೇ."

"ನಂಬರ್ ಹೇಗೆ ಗೊತ್ತಾಯ್ತು?"

"ನನ್ನ ಕನ್ನಡಕದ ನಂಬರನ್ನೇ ಹೇಳಿದೆ. ಇಬ್ಬರಿಗೂ ಒಟ್ಟಿಗೇ ತಾನೇ ವಯಸ್ಸಾಗಿದ್ದು."

ಅವಳು ಪೊಟ್ಟಣವನ್ನು ಹಿಡಿದು ತೋಳು ಚಾಚಿದಳು, ಮೇಲಿನ ಅಕ್ಷರ ಓದಲು. ಆಗಲಿಲ್ಲ. ಅವನು ಜೇಬಿನಿಂದ ಕನ್ನಡಕ ತೆಗೆದು ಅವಳ ಮೂಗಿನ ಮೇಲಿಟ್ಟ. ಒಂದು ಕಡ್ಡಿ ಮುರಿದು ತಂತಿ ಸುತ್ತಿದ ಕನ್ನಡಕ. ಅಕ್ಷರ ಕಂಡವು. ಆಮೇಲೆ ಅವಳು ತಲೆಯೆತ್ತಿದಾಗ ಇಷ್ಟು ಹತ್ತಿರದಿಂದ ಅವನ ಮುಖ ಕಂಡಿತು, ಹುಬ್ಬಿನಲ್ಲಿ ಎರಡು ಬಿಳಿ ಕೂದಲು ಸಮೇತ. ಅವು ಯಾವಾಗ ಬಂದವೋ ಅವಳಿಗೆ ಗೊತ್ತಿರಲಿಲ್ಲ.

"ನಾಳೆ ಆಲಿಂಗ್ ಇಸ್ಕಾಗೆ ಹೇಳ್ತೀನಿ" ಎಂದಳು. "ಅವಳು ಬೇಡ ಅಂದ್ರೆ ಬೇಡ."

"ಹೇಳು. ನಾನು ಜೊತೆಗೆ ಬರ್ಲಾ?"

"ಬೇಡ. ನೀನು ಬಂದ್ರೆ ಅತ್ತುಬಿಡ್ತೀನಿ."

ಆಲಿಂಗ್ ಇಸ್ಕಾಗೆ ಎಪ್ಪತ್ತು ದಾಟಿತ್ತು. ಗಂಡ ಸತ್ತ ಮೇಲೆ ಎರಡು ಕೋಣೆಯಿಂದ ಹದಿನಾಲ್ಕು ಕೋಣೆಗೆ ರೆಸಾರ್ಟ್ ಬೆಳೆಸಿದವಳು. ಬೆಳಿಗ್ಗೆ ಅಂಗಳದಲ್ಲಿ ಕಡು ಕಾಫಿ ಕುಡಿಯುತ್ತ, ಯಾವ ಗೈಡ್ ಯಾವ ದೋಣಿಗೆ ಎಂದು ಹಲಗೆಯ ಮೇಲೆ ಬರೆಸುವ ಹೊತ್ತು. ರುವೆಲ್ ಬರೆಯುತ್ತಿದ್ದ. ಕ್ರಿಸಾಂತ ಅವನ ಎದುರಿಗೇ ಎಲ್ಲ ಹೇಳಿದಳು. ಮೊಟ್ಟೆ ತಪ್ಪಿದ್ದು, ಮೂವತ್ತು, ಎಂಬತ್ತು. ಏನನ್ನೂ ಮುಚ್ಚಿಡಲಿಲ್ಲ.

ರುವೆಲ್‌ನ ಕೈ ಹಲಗೆಯ ಮೇಲೆ ನಿಂತಿತು. ಮೊನ್ನೆಯ ತಮಾಷೆ ನೆನಪಾಗಿ ಅವನ ಕಿವಿ ಕೆಂಪಾಯಿತು.

ಆಲಿಂಗ್ ಇಸ್ಕಾ ಲೋಟ ಕೆಳಗಿಟ್ಟಳು. "ಗಿರಾಕಿ ನಿನ್ನನ್ನ ಮೇಲೆ ತಂದಳಾ?"

"ಹೌದು."

"ನನ್ನ ಗಂಡ ಇದ್ದಿದ್ರೆ ನಿನ್ನ ಕೆನ್ನೆಗೆ ಬಾರಿಸ್ತಿದ್ದ. ಕಣ್ಣು ಹೋಗಿದ್ದಕ್ಕಲ್ಲ." ಅವಳು ಕ್ರಿಸಾಂತಳ ಕೈಯಲ್ಲಿದ್ದ ಮಾಸ್ಕನ್ನು ನೋಡಿದಳು. "ಏನದು, ಚಾಳೀಸಾ? ಹಾಕ್ಕೋ. ಬಾ ಇಲ್ಲಿ."

ಕ್ಯಾಮೆರಾ ತೊಳೆಯುವ ತೊಟ್ಟಿಯ ಹತ್ತಿರ ಕರೆದೊಯ್ದು, ಸಿಲಿಂಡರಿಗೆ ಜೋಡಿಸಿದ್ದ ಮೀಟರೊಂದನ್ನು ನೀರೊಳಗೆ ಹಿಡಿದಳು. "ಮುಖ ಅದ್ದು. ಓದು."

ಕ್ರಿಸಾಂತ ಮುಖ ಅದ್ದಿದಳು, ಎದ್ದಳು. "ನೂರ ಎಂಬತ್ತಾರು."

ಇನ್ನೊಂದು ಮೀಟರ್. "ಐವತ್ತೆಂಟು." ಇನ್ನೊಂದು. "ಮೂವತ್ತಮೂರು." ಆಲಿಂಗ್ ಇಸ್ಕಾ ಜೇಬಿನಿಂದ ಏನೋ ತೆಗೆದು ಮುಷ್ಟಿಯನ್ನು ತೊಟ್ಟಿಯಲ್ಲಿ ಬಿಚ್ಚಿದಳು. ಕ್ರಿಸಾಂತ ಮತ್ತೆ ಮುಖ ಅದ್ದಿದಳು. ಈ ಸಲ ಸ್ವಲ್ಪ ಹೊತ್ತು ಹಿಡಿಯಿತು.

"ಏಳು ಅಕ್ಕಿಕಾಳು. ಒಂದರಲ್ಲಿ ಹುಳ."

"ಹುಳಾನೂ ಕಂಡ್ತಾ ಮಹಾರಾಯ್ತಿಗೆ. ಅಡುಗೆಯವಳಿಗೆ ಹೇಳ್ತೀನಿ." ಆಲಿಂಗ್ ಇಸ್ಕಾ ಕೈ ಒರೆಸಿಕೊಂಡಳು. "ಒಂದು ತಿಂಗಳು ನೀನೊಬ್ಬಳೇ ಗಿರಾಕಿ ಕರ್ಕೊಂಡು ಇಳಿಯೋ ಹಾಗಿಲ್ಲ. ರುವೆಲ್ ಜೊತೆಗಿರ್ತಾನೆ. ಇನ್ನೊಂದು ಸಲ ನನ್ನಿಂದ ಏನಾದ್ರೂ ಮುಚ್ಚಿಟ್ಟಿದ್ದು ಗೊತ್ತಾಯ್ತೋ, ಕಣ್ಣಿರಲಿ, ಮೊಣಕಾಲ್ನೋವಿರಲಿ, ಆವತ್ತು ನೇರ ತಟ್ಟೆ ತೊಳೆಯೋಕೆ. ತಿಳೀತಾ?"

"ತಿಳೀತು."

ರುವೆಲ್ ಹಲಗೆಯ ಮೇಲೆ ಎರಡು ಹೆಸರು ಬರೆದ. ಕ್ರಿಸಾಂತಳದನ್ನು ಮೊದಲು ಬರೆದು, ಅದರ ಕೆಳಗೆ ತನ್ನದು. "ಆತೆ" ಎಂದ ಮೆಲ್ಲಗೆ, "ಆ ಚಾಳೀಸು ಎಲ್ಲಿ ಸಿಗುತ್ತೆ ಅಂತ ಕುಯಾನ ಕೇಳಿ ಹೇಳಿ. ನನಗಲ್ಲ. ನಮ್ಮಣ್ಣನಿಗೆ."

"ನಿಮ್ಮಣ್ಣ ಕಾರ್ ಓಡಿಸೋನು, ನೀರಿಗೇ ಇಳಿಯಲ್ಲ."

"ಅದಕ್ಕೇ" ಎಂದ ರುವೆಲ್. ಅವನ ಕಿವಿ ಮತ್ತೆ ಕೆಂಪಾಗಿತ್ತು.

ಶನಿವಾರ ಟೀಚರ್ ನೀರಿಗೆ ಇಳಿಯುವ ಕೊನೆಯ ದಿನ. ಇಳಿಜಾರಿನ ಮೇಲೆ ಮೂವರೂ ನಿಧಾನವಾಗಿ ಇಳಿದರು, ರುವೆಲ್ ಎಲ್ಲರಿಗಿಂತ ಹಿಂದೆ. ಬಿಲದ ಹತ್ತಿರ ಹೋಗುವ ಮೊದಲು ಕ್ರಿಸಾಂತ ಮೀಟರ್ ಎತ್ತಿ, ಗದ್ದ ಮೇಲೆ ಮಾಡಿ, ಓದಿದಳು. ಯಾರೂ ಕೇಳಿರಲಿಲ್ಲ. ನೂರ ಐವತ್ತು ಎಂದು ಬೆರಳಿನಿಂದ ಟೀಚರ್‌ಗೆ ತೋರಿಸಿದಳು. ಟೀಚರ್ ತಮ್ಮದನ್ನು ತೋರಿಸಿದರು, ನೂರ ನಲವತ್ತು. ಮೇಲೆ ಎಲ್ಲೋ ಗಡಿಯಾರ ಹಿಡಿದು ಕೂತವನಿಗೆ ಅವಳ ಗುಳ್ಳೆಗಳು ನೆಟ್ಟಗೆ ಒಂದೇ ಕಡೆ ಹೋಗಿ ನಿಂತದ್ದು ಕಂಡಿರಬೇಕು.

ಮೀನು ತಲೆ ಹೊರಹಾಕಿತ್ತು. ಅದರ ಬಾಯಿ ಮತ್ತೆ ತುಂಬಿತ್ತು. ಉಪವಾಸ ಮುಗಿದು ಎರಡು ದಿನವೂ ಆಗಿರಲಿಲ್ಲ, ಪಕ್ಕದ ಬಿಲದ ಹೆಣ್ಣು ಹೊಸ ಮೊಟ್ಟೆಗಳನ್ನು ಕೊಟ್ಟು ಹೋಗಿರಬೇಕು. ಕ್ರಿಸಾಂತ ಒಂದು ಗೇಣಿನಷ್ಟು ಹತ್ತಿರ ಹೋಗಿ ಗದ್ದ ಎತ್ತಿದಳು.

ಮುದ್ದೆ ಬಿಡಿಬಿಡಿಯಾಯಿತು. ಒಂದೊಂದು ಮೊಟ್ಟೆಯೂ ಬೇರೆ ಬೇರೆ, ದುಂಡಗೆ, ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತ, ಒಂದಕ್ಕೊಂದು ಒತ್ತಿಕೊಂಡಿದ್ದವು. ಮೀನು ಅವನ್ನು ಫಕ್ಕನೆ ಅರ್ಧ ಹೊರಗೆ ಉಗಿದು, ನೀರಾಡಿಸಿ, ಮತ್ತೆ ಒಳಗೆಳೆದುಕೊಂಡಿತು. ಆ ಕ್ಷಣದಲ್ಲಿ ಅವಳು ಪ್ರತಿಯೊಂದರ ಒಳಗನ್ನೂ ನೋಡಿದಳು. ಎಲ್ಲೂ ಒಂದು ಚುಕ್ಕೆಯೂ ಇರಲಿಲ್ಲ. ಅವಳು ಇನ್ನೂ ಒಂದು ಸಲ ನೋಡಿದಳು, ಖಾತ್ರಿಗೆ.

ಆಮೇಲೆ ಟೀಚರ್ ಕಡೆ ತಿರುಗಿ, ಅಂಗೈಯನ್ನು ಕೆಳಮುಖ ಮಾಡಿ ನಿಧಾನವಾಗಿ ಎರಡು ಸಲ ತಗ್ಗಿಸಿದಳು.

ಇನ್ನೂ ಇಲ್ಲ.

ಟೀಚರ್ ಕ್ಯಾಮೆರಾದ ಹಿಂಬದಿ ನೋಡಲಿಲ್ಲ. ಎದೆಯ ಮೇಲೆ ಕೈಯಿಟ್ಟು ತಲೆಬಾಗಿದರು.